ಎಕ್ಸ್‌ಟೆಂಡೆಡ್ ವಾರಂಟಿ ಹಾಕಿಸಬೇಕಾ? ಬಿಲ್ ಆಗುವ ಮುನ್ನ ಮಾಡಬೇಕಾದ ಲೆಕ್ಕ

ಫ್ರಿಡ್ಜ್ ಆರಿಸಿದ್ದಾಯಿತು, ಚೌಕಾಸಿ ಮುಗಿಯಿತು, ಆಯುಧಪೂಜೆ ಆಫರ್ ಅಂತ ಒಂದು ಡಿನ್ನರ್ ಸೆಟ್ಟೂ ಕೈಗೆ ಬಂತು. ಬಿಲ್ ಕೌಂಟರಿನಲ್ಲಿ ಕಾರ್ಡ್ ಹೊರಗೆ ತೆಗೆಯುವ ಹೊತ್ತಿಗೆ ಸರಿಯಾಗಿ ಅಲ್ಲಿನ ಹುಡುಗ ಕೇಳುತ್ತಾನೆ: "ಸರ್, ಮೂರು ಸಾವಿರ ಸೇರಿಸಿದ್ರೆ ಇನ್ನೂ ಎರಡು ವರ್ಷ ಟೆನ್ಷನ್ನೇ ಇಲ್ಲ. ಹಾಕ್ಲಾ?" ಹಿಂದೆ ನಾಲ್ಕು ಜನ ಕಾಯುತ್ತಿರುತ್ತಾರೆ. ಮೂವತ್ತು ಸಾವಿರ ಕೊಡಲು ಮನಸ್ಸು ಮಾಡಿದವರಿಗೆ ಮೂರು ಸಾವಿರ ದೊಡ್ಡದಾಗಿ ಕಾಣುವುದಿಲ್ಲ. ಹೂಂ ಅಂದುಬಿಡುತ್ತೇವೆ.

ನಮ್ಮಮ್ಮ 2021ರಲ್ಲಿ ಹಾಗೇ ಹೂಂ ಅಂದಿದ್ದರು. ತೀರ್ಥಹಳ್ಳಿ ಕಡೆಯ ಮನೆ. ವಾಷಿಂಗ್ ಮೆಷಿನ್ ಇಟ್ಟಿದ್ದು ಬಚ್ಚಲಿಗೆ ತಾಗಿದ ಹಿಂಬದಿಯ ಜಗುಲಿಯಲ್ಲಿ. ಕಂಪನಿಯ ಎರಡು ವರ್ಷ ಮುಗಿದು, ದುಡ್ಡು ಕೊಟ್ಟು ಹಾಕಿಸಿದ ವಾರಂಟಿ ಶುರುವಾಗಿ ನಾಲ್ಕೈದು ತಿಂಗಳಾಗಿತ್ತು. ಜೋರು ಮಳೆಯ ದಿನ ಮೆಷಿನ್ ನಿಂತಿತು. ಟೆಕ್ನಿಷಿಯನ್ ಬಂದು ಮಗುಚಿ ನೋಡಿ ಫೋಟೊ ತೆಗೆದುಕೊಂಡು ಹೋದ. ಎರಡು ದಿನಕ್ಕೆ ಮೆಸೇಜ್: ಇಲಿ ವೈರ್ ಕಡಿದು ಸರ್ಕ್ಯೂಟ್ ಬೋರ್ಡ್ ಸುಟ್ಟಿದೆ, ಇದು ವಾರಂಟಿಯಲ್ಲಿ ಬರುವುದಿಲ್ಲ. ಖರ್ಚು 7,200 ರೂಪಾಯಿ. "ಇಲಿ ಕಡಿದ್ರೆ ಕೊಡಲ್ಲ ಅಂತ ಅವತ್ತೇ ಹೇಳ್ಬಹುದಿತ್ತಲ್ಲ ಮಾರಾಯ" ಅಂದರು ಅಮ್ಮ. ಷರತ್ತಿನ ಹಾಳೆ ತೆಗೆದು ನೋಡಿದೆ. ಬರೆದಿತ್ತು, ಮೂರನೇ ಪುಟದಲ್ಲಿ.

ಆಮೇಲೆ ಮನೆಗೆ, ನೆಂಟರಿಗೆ, ಸ್ನೇಹಿತರಿಗೆ ಏನೇ ದೊಡ್ಡ ಸಾಮಾನು ತರುವಾಗಲೂ ಈ ಹಾಳೆಗಳನ್ನು ಕೂತು ಓದುವ ಅಭ್ಯಾಸವಾಯಿತು. ಎಕ್ಸ್‌ಟೆಂಡೆಡ್ ವಾರಂಟಿಯೆಲ್ಲ ದಂಡ ಎಂದು ನಾನು ಹೇಳುವುದಿಲ್ಲ. ಕೆಲವು ಸಾಮಾನಿಗೆ ಖಂಡಿತ ಬೇಕು. ಯಾವುದಕ್ಕೆ ಬೇಕು ಎಂಬುದನ್ನು ಅಂಗಡಿಗೆ ಹೋಗುವ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಅದಕ್ಕೆ ಅರ್ಧ ಗಂಟೆ ಸಾಕು.

ಮೊದಲು: ಕಂಪನಿ ಆಗಲೇ ಏನು ಕೊಟ್ಟಿದೆ?

ಕೊಳ್ಳಬೇಕೆಂದಿರುವ ಮಾಡೆಲ್‌ನ ವಾರಂಟಿ ವಿವರ ಕಂಪನಿಯ ವೆಬ್‌ಸೈಟಿನಲ್ಲಿ ಇರುತ್ತದೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿಸಿದ "10 ವರ್ಷ"ವನ್ನು ನೋಡಿ ಸಮಾಧಾನಪಡಬೇಡಿ. ಫ್ರಿಡ್ಜ್‌ನಲ್ಲಿ ಆ ಹತ್ತು ವರ್ಷ ಸಾಮಾನ್ಯವಾಗಿ ಕಂಪ್ರೆಸರ್‌ಗೆ, ವಾಷಿಂಗ್ ಮೆಷಿನ್‌ನಲ್ಲಿ ಮೋಟರ್‌ಗೆ. ಇಡೀ ಸಾಮಾನಿಗೆ ಇರುವುದು ಒಂದೋ ಎರಡೋ ವರ್ಷ. ಆ ಅವಧಿ ಕಳೆದ ಮೇಲೆ ಕಂಪ್ರೆಸರ್ ಹೋದರೆ ಕಂಪ್ರೆಸರ್ ಪುಕ್ಕಟೆ ಬರಬಹುದು. ಅದನ್ನು ಕೂರಿಸುವ ಕೂಲಿ, ಗ್ಯಾಸ್ ತುಂಬಿಸುವ ಖರ್ಚು, ಟೆಕ್ನಿಷಿಯನ್ ಬಂದುಹೋಗುವ ಚಾರ್ಜ್ ನಿಮ್ಮದೇ ಆಗಿರುತ್ತದೆ.

ಹಾಗಾಗಿ ಒಂದು ಚೀಟಿಯಲ್ಲಿ ಎರಡು ಸಾಲು ಬರೆದುಕೊಳ್ಳಿ. ಮೊದಲ ಸಾಲಿನಲ್ಲಿ ಕಂಪನಿಯ ವಾರಂಟಿಯಲ್ಲೇ ಬರುವ ದುಬಾರಿ ಭಾಗಗಳು, ಎರಡನೆಯದರಲ್ಲಿ ಬಾರದೇ ಉಳಿಯುವ ದುಬಾರಿ ಭಾಗಗಳು. ನೀವು ಹೆಚ್ಚುವರಿ ದುಡ್ಡು ಕೊಡುವುದು ಆ ಎರಡನೇ ಸಾಲಿಗಾಗಿ ಮಾತ್ರ. ಅದರಲ್ಲಿ ಹೆಚ್ಚೇನೂ ಇಲ್ಲದಿದ್ದರೆ ವಿಷಯ ಅಲ್ಲಿಗೇ ಮುಗಿಯಿತು.

ವರ್ಷದ ಎಣಿಕೆಯನ್ನೂ ಕೇಳಿಕೊಳ್ಳಿ. "ಮೂರು ವರ್ಷದ ವಾರಂಟಿ" ಎಂದು ಮಾರುವುದರಲ್ಲಿ ಬಹಳ ಸಲ ಕಂಪನಿ ಕೊಡುವ ಒಂದು ವರ್ಷವೂ ಸೇರಿರುತ್ತದೆ. ನಿಮ್ಮ ದುಡ್ಡಿಗೆ ಸಿಗುವುದು ಎರಡೇ ವರ್ಷ. ಹೇಳಿದ ಬೆಲೆಯಲ್ಲಿ ಶೇ 18ರ ಜಿಎಸ್‌ಟಿ ಸೇರಿದೆಯೋ ಹೊರಗಿದೆಯೋ ಅದನ್ನೂ ಕೇಳಿ.

ಎರಡನೆಯದು: ಏನು ಸೇರಿಲ್ಲ ಎಂಬ ಪುಟ

ಷರತ್ತಿನ ಹಾಳೆಯಲ್ಲಿ "ಸೇರಿದೆ" ಎನ್ನುವ ಭಾಗಕ್ಕಿಂತ "ಸೇರಿಲ್ಲ" ಎನ್ನುವ ಭಾಗವನ್ನು ಮೊದಲು ಓದಿ. ಎಲ್ಲ ಪ್ಲಾನ್‌ಗಳೂ ಒಂದೇ ಥರ ಇರುವುದಿಲ್ಲ, ಆದರೆ ನಾನು ನೋಡಿದ ಹಾಳೆಗಳಲ್ಲಿ ಪದೇ ಪದೇ ಸಿಕ್ಕವು ಇವು: ಸಿಡಿಲು, ವೋಲ್ಟೇಜ್ ಏರುಪೇರು, ನೀರು ನುಗ್ಗುವುದು, ಇಲಿ ಹಲ್ಲಿ ಇರುವೆಗಳಿಂದ ಆದ ಹಾನಿ, ತುಕ್ಕು, ಬಿದ್ದು ಒಡೆಯುವುದು, ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳು, ರಿಮೋಟ್, ಬ್ಯಾಟರಿ, ಹೊರಗಿನವರಿಂದ ರಿಪೇರಿ ಮಾಡಿಸಿದ್ದು, ಅಂಗಡಿ ಕಚೇರಿಗಳಲ್ಲಿ ಬಳಸಿದ್ದು.

ಈಗ ಇದನ್ನು ನಿಮ್ಮ ಊರಿಗೆ ಹೊಂದಿಸಿ ನೋಡಿ. ಮಲೆನಾಡಿನಲ್ಲಿ ಟಿವಿ, ರೂಟರ್ ಹಾಳಾಗುವುದು ಹೆಚ್ಚಾಗಿ ಏಪ್ರಿಲ್–ಮೇ ತಿಂಗಳ ಗುಡುಗು ಸಿಡಿಲಿಗೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿ ಎಸಿಯ ಹೊರಗಿನ ಯೂನಿಟ್‌ನ ಕಾಯಿಲ್ ತಿಂದು ಸಣ್ಣ ತೂತು ಮಾಡಿ ಗ್ಯಾಸ್ ಸೋರಿಸುತ್ತದೆ. ಕೋಲಾರದಲ್ಲಿ, ಬೆಂಗಳೂರಿನ ಬೋರ್‌ವೆಲ್ ನೀರಿನ ಬಡಾವಣೆಗಳಲ್ಲಿ ಗಡಸು ನೀರಿಗೆ ಗೀಸರ್ ಕಾಯಿಲ್ ಮೇಲೂ ವಾಷಿಂಗ್ ಮೆಷಿನ್ ಹೀಟರ್ ಮೇಲೂ ಸುಣ್ಣದ ಹೆಕ್ಕಳಿಕೆ ಕಟ್ಟುತ್ತದೆ. ಹಳ್ಳಿಯಲ್ಲಿ ಕರೆಂಟ್ ಹೋಗಿ ಬರುವಾಗಿನ ಹೊಡೆತ ಯಾರಿಗೆ ಗೊತ್ತಿಲ್ಲ? ನಿಮ್ಮ ಮನೆಯಲ್ಲಿ ಸಾಮಾನು ಕೆಡುವ ಕಾರಣವೇ ಈ ಪಟ್ಟಿಯಲ್ಲಿದ್ದರೆ ಆ ವಾರಂಟಿ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಅದೇ ದುಡ್ಡಿನಲ್ಲಿ ಒಂದು ಒಳ್ಳೆಯ ಸ್ಟೆಬಿಲೈಸರ್ ತನ್ನಿ, ಮನೆಯ ಅರ್ಥಿಂಗ್ ಸರಿಮಾಡಿಸಿ, ಸಿಡಿಲಿನ ಹೊತ್ತಿಗೆ ಪ್ಲಗ್ ಕಿತ್ತಿಡಿ. ವಾಷಿಂಗ್ ಮೆಷಿನ್ ಅಡಿಗೆ ಹಾಕುವ ಇಲಿ ಜಾಲರಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಅಮ್ಮನ ಮೆಷಿನ್‌ಗೆ ಆಮೇಲೆ ಹಾಕಿಸಿದೆವು.

ಇನ್ನೂ ಮೂರು ಮಾತು ಆ ಪುಟದಲ್ಲಿ ಹುಡುಕಬೇಕು. ಒಂದು, ಸವಕಳಿ. ಸಾಮಾನು ರಿಪೇರಿ ಆಗದಿದ್ದರೆ ಹೊಸದು ಕೊಡುತ್ತಾರಾ, ಅಥವಾ ವರ್ಷಕ್ಕಿಷ್ಟು ಎಂದು ಕಳೆದು ಉಳಿದ ಮೊತ್ತ ಕೊಡುತ್ತಾರಾ? 60,000 ರೂಪಾಯಿಯ ಟಿವಿಗೆ ಮೂರನೇ ವರ್ಷ ಶೇ 50 ಸವಕಳಿ ಎಂದಿದ್ದರೆ ಕೈಗೆ ಬರುವುದು 30,000. ಅದೂ ಎಷ್ಟೋ ಸಲ ಅದೇ ಅಂಗಡಿಯಲ್ಲಿ ಖರ್ಚು ಮಾಡಬೇಕಾದ ವೋಚರ್ ರೂಪದಲ್ಲಿ. ಎರಡು, ಎಷ್ಟು ಸಲ ಕ್ಲೇಮ್ ಮಾಡಬಹುದು, ಒಟ್ಟು ಮಿತಿ ಎಷ್ಟು. ಮೂರು, ನಿಮ್ಮ ಪಿನ್‌ಕೋಡ್‌ಗೆ ಮನೆಬಾಗಿಲ ಸೇವೆ ಇದೆಯಾ. ಹೊಸನಗರದ ಒಳಹಳ್ಳಿಯಿಂದ ಫ್ರಿಡ್ಜನ್ನು ಶಿವಮೊಗ್ಗಕ್ಕೆ ಹೊತ್ತು ತರಬೇಕಾದರೆ ಗಾಡಿ ಬಾಡಿಗೆಯೇ ರಿಪೇರಿಯಷ್ಟಾಗುತ್ತದೆ.

ಮೂರನೆಯದು: ಒಂದು ಭಾಗಾಕಾರ

ಪ್ಲಾನಿನ ಬೆಲೆಯನ್ನು, ಆ ಅವಧಿಯಲ್ಲಿ ಬರಬಹುದಾದ ದೊಡ್ಡ ರಿಪೇರಿಯ ಖರ್ಚಿನಿಂದ ಭಾಗಿಸಿ. ರಿಪೇರಿ ಖರ್ಚು ಎಷ್ಟೆಂದು ತಿಳಿಯಲು ಕಂಪನಿಯ ಸರ್ವೀಸ್ ಸೆಂಟರ್‌ಗೆ ಒಂದು ಫೋನ್ ಮಾಡಿ, "ಈ ಮಾಡೆಲ್‌ನ ಬೋರ್ಡ್ ಎಷ್ಟಾಗುತ್ತೆ?" ಎಂದು ಕೇಳಿ. ಬಡಾವಣೆಯ ಮೆಕ್ಯಾನಿಕ್ಕನ್ನೂ ಕೇಳಿ. ಯಾವ ಕಂಪನಿಯ ಯಾವ ಭಾಗ ಪದೇ ಪದೇ ಹೋಗುತ್ತದೆ ಎಂದು ಅವರಷ್ಟು ಚೆನ್ನಾಗಿ ಹೇಳುವವರು ಬೇರೆ ಇಲ್ಲ.

ಲೆಕ್ಕಕ್ಕೆಂದು ಎರಡು ಉದಾಹರಣೆ ಇಟ್ಟುಕೊಳ್ಳೋಣ. ಫ್ರಿಡ್ಜ್‌ಗೆ ಎರಡು ವರ್ಷದ ಪ್ಲಾನ್ 3,200 ರೂಪಾಯಿ, ಬೋರ್ಡ್ ಬದಲಿಸಲು 5,000. 3,200 ಭಾಗಿಸು 5,000 ಅಂದರೆ 0.64. ಇಂಥ ನೂರು ಫ್ರಿಡ್ಜ್‌ಗಳಲ್ಲಿ 64 ಆ ಎರಡೇ ವರ್ಷದಲ್ಲಿ ಕೆಟ್ಟರೆ ಮಾತ್ರ ಕೊಟ್ಟ ದುಡ್ಡು ಸರಿಹೋಗುತ್ತದೆ. ನಿಮ್ಮ ಓಣಿಯಲ್ಲಿ ಎರಡು, ಮೂರನೇ ವರ್ಷಕ್ಕೇ ಕೆಟ್ಟ ಫ್ರಿಡ್ಜ್‌ಗಳು ಎಷ್ಟಿವೆ ಎಂದು ಎಣಿಸಿದರೆ ಉತ್ತರ ಸಿಗುತ್ತದೆ. ಇನ್ನೊಂದು, 55 ಇಂಚಿನ ಟಿವಿ: ಬೆಲೆ 50,000, ಎರಡು ವರ್ಷದ ಪ್ಲಾನ್ 4,500, ಪ್ಯಾನೆಲ್ ಹೋದರೆ 32,000. ಭಾಗಿಸಿದರೆ ಸುಮಾರು 0.14. ನೂರರಲ್ಲಿ 14 ಕೆಟ್ಟರೂ ಸರಿಹೋಯಿತು. ಪ್ಲಾನ್ ಟಿವಿಯದ್ದೇ ದುಬಾರಿ, ಆದರೂ ಯೋಚಿಸಬೇಕಾದ್ದು ಟಿವಿಗೇ.

ಇದರ ಹಿಂದೆ ಒಂದು ಸಾಮಾನ್ಯ ತಿಳಿವಳಿಕೆ ಇದೆ. ತಯಾರಿಕೆಯಲ್ಲೇ ಕೊರತೆ ಇದ್ದ ಸಾಮಾನು ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲೇ ಕೈಕೊಡುತ್ತದೆ. ಅದು ಕಂಪನಿಯ ವಾರಂಟಿಯಲ್ಲೇ ಬರುತ್ತದೆ. ಸವೆದು ಕೆಡುವುದು ಏಳೆಂಟು ವರ್ಷದ ಮೇಲೆ. ಎರಡರಿಂದ ನಾಲ್ಕನೇ ವರ್ಷದವರೆಗೆ ಅದು ಆರೋಗ್ಯವಾಗಿ ಇರುವ ಕಾಲ, ನಮಗೆ ಮಾರುವ ಹೆಚ್ಚುವರಿ ವಾರಂಟಿಯೂ ಆ ಕಾಲದ್ದೇ. ಅಂಗಡಿಯ ಕಮಿಷನ್, ಪ್ಲಾನ್ ನಡೆಸುವವರ ಖರ್ಚು ಲಾಭ ಎಲ್ಲವೂ ಅದರ ಬೆಲೆಯೊಳಗೇ ಬರಬೇಕಲ್ಲ.

ಭಾಗಾಕಾರದ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಿ: ಆ ರಿಪೇರಿ ಖರ್ಚು ಒಮ್ಮೆಲೇ ಬಂದರೆ ನನ್ನ ಮನೆ ತಡೆದುಕೊಳ್ಳುತ್ತದೆಯೇ? 5,000 ಆದರೆ ಆ ತಿಂಗಳು ಹೇಗೋ ಹೊಂದಿಸುತ್ತೇವೆ. 80,000 ಆದರೆ ಸಾಲ ಮಾಡಬೇಕಾಗಬಹುದು. ಹೊಂದಿಸಬಲ್ಲ ಖರ್ಚಿಗೆ ವಾರಂಟಿ ಕೊಳ್ಳಬೇಡಿ, ಮನೆಯ ಲೆಕ್ಕ ಬುಡಮೇಲು ಮಾಡುವಂಥದ್ದಕ್ಕೆ ಕೊಳ್ಳಿ. ನಮ್ಮ ಮನೆಯಲ್ಲಿ ಬೇಡವೆಂದ ಪ್ರತಿ ಪ್ಲಾನಿನ ದುಡ್ಡನ್ನೂ ಒಂದು ಬೇರೆ ಆರ್‌ಡಿಗೆ ಹಾಕುತ್ತೇವೆ. ಮಿಕ್ಸಿ, ಗೀಸರ್, ಫ್ರಿಡ್ಜ್ ಯಾವುದು ಕೆಟ್ಟರೂ ಅಲ್ಲಿಂದಲೇ ತೆಗೆಯುವುದು, ಇಲಿ ಕಡಿದದ್ದಕ್ಕೂ ಸೇರಿ.

ನಾಲ್ಕನೆಯದು: ಯಾವ ಸಾಮಾನಿಗೆ ಹೂಂ, ಯಾವುದಕ್ಕೆ ಊಹೂಂ

ಫ್ರಿಡ್ಜ್, ಟಾಪ್ ಲೋಡ್ ವಾಷಿಂಗ್ ಮೆಷಿನ್, ಮೈಕ್ರೊವೇವ್, ಗೀಸರ್‌ಗೆ ಬೇಡ. ಫ್ರಂಟ್ ಲೋಡ್ ಮೆಷಿನ್‌ನ ಬೋರ್ಡ್ ದುಬಾರಿ, ಕಂಪನಿಯದೇ ಪ್ಲಾನ್ ಆಗಿದ್ದು ಬೆಲೆ ಕಡಿಮೆ ಇದ್ದರೆ ನೋಡಬಹುದು. ದೊಡ್ಡ ಟಿವಿಗೆ ಪ್ಯಾನೆಲ್ ಸೇರಿದೆ ಎಂದು ಬರಹದಲ್ಲಿ ಇದ್ದರೆ ಮಾತ್ರ. ಎಸಿಗೆ, ನೀವು ಕರಾವಳಿಯವರಾಗಿದ್ದು, ಗ್ಯಾಸ್ ಸೋರಿಕೆ ಮತ್ತು ಕಾಯಿಲ್ ಎರಡೂ ಸೇರಿದ್ದು, ತುಕ್ಕನ್ನು ಹೊರಗಿಟ್ಟಿಲ್ಲದಿದ್ದರೆ ಧಾರಾಳವಾಗಿ ತಗೊಳ್ಳಿ. ಈ ಮೂರೂ ಇರುವ ಪ್ಲಾನ್ ಸಿಗುವುದು ಕಷ್ಟ, ಸಿಕ್ಕರೆ ಬಿಡಬೇಡಿ.

ನೀರಿನ ಆರ್‌ಒ ಫಿಲ್ಟರ್ ವಿಷಯ ಬೇರೆ. ಅಲ್ಲಿ ಫಿಲ್ಟರ್, ಮೆಂಬ್ರೇನ್ ಬದಲಿಸುವ ಖರ್ಚು ಬಂದೇ ಬರುತ್ತದೆ, ಹಾಗಾಗಿ ವರ್ಷದ ಎಎಂಸಿ (ನಿರ್ವಹಣಾ ಒಪ್ಪಂದ) ಮಾಡಿಸುವುದು ಎಷ್ಟೋ ಸಲ ಲಾಭ. ಬರೀ ಸರ್ವೀಸ್ ಮಾತ್ರವೇ, ಮೆಂಬ್ರೇನ್ ಕೂಡ ಸೇರಿದೆಯೇ ಎಂದು ನೋಡಿ ಮಾಡಿಸಿ. ಯುಪಿಎಸ್ ಬ್ಯಾಟರಿ ಕೊಳ್ಳುವಾಗ "36+24 ತಿಂಗಳು" ಎಂಬ ಬರಹ ಕಾಣುತ್ತದೆ. ಮೊದಲ 36 ತಿಂಗಳಲ್ಲಿ ಕೆಟ್ಟರೆ ಬದಲಿ ಬ್ಯಾಟರಿ, ಉಳಿದ 24ರಲ್ಲಿ ಕೆಟ್ಟರೆ ಹೊಸದರ ಬೆಲೆಯಲ್ಲಿ ರಿಯಾಯಿತಿ ಅಷ್ಟೇ.

ಮೊಬೈಲ್ ವಿಷಯದಲ್ಲಿ ಜನ ಎಡವುವುದು ಎರಡು ಹೆಸರುಗಳ ನಡುವೆ. ಎಕ್ಸ್‌ಟೆಂಡೆಡ್ ವಾರಂಟಿ ಎಂದರೆ ತಾನಾಗಿ ಕೆಟ್ಟದ್ದಕ್ಕೆ. ಕೈಜಾರಿ ಬಿದ್ದು ಡಿಸ್‌ಪ್ಲೇ ಒಡೆದರೆ ಅದು ಬರುವುದಿಲ್ಲ, ಅದಕ್ಕೆ ಡ್ಯಾಮೇಜ್ ಪ್ರೊಟೆಕ್ಷನ್ ಎಂಬುದು ಬೇರೆ. ಫೋನ್ ಹಾಳಾಗುವುದು ಹೆಚ್ಚಾಗಿ ಬಿದ್ದು, ಇಲ್ಲವೇ ನೀರಿಗೆ. ದುಬಾರಿ ಫೋನ್‌ಗೆ ಕಂಪನಿಯದೇ ಡ್ಯಾಮೇಜ್ ಪ್ಲಾನ್ ಒಪ್ಪಬಹುದು. ಆಪಲ್‌ಕೇರ್ ಪ್ಲಸ್‌ನಂಥದ್ದರಲ್ಲೂ ಪ್ರತಿ ಸಲ ಒಂದಿಷ್ಟು ಶುಲ್ಕ ನಾವೇ ಕಟ್ಟಬೇಕು ಎಂಬುದು ಗೊತ್ತಿರಲಿ. ಹದಿನೈದು ಸಾವಿರದ ಫೋನ್‌ಗೆ ಒಂದು ಗಟ್ಟಿ ಕವರ್ ಸಾಕು.

ಲ್ಯಾಪ್‌ಟಾಪ್‌ನಿಂದಲೇ ದುಡಿಯುವವರಿಗೆ ನನ್ನ ಸಲಹೆ ಹೂಂ. ಮದರ್‌ಬೋರ್ಡ್ ಹೋದರೆ ಅರ್ಧ ಲ್ಯಾಪ್‌ಟಾಪ್ ಬೆಲೆ. ಅದಕ್ಕಿಂತ ಹೆಚ್ಚಿನ ನಷ್ಟ ಕೆಲಸ ನಿಲ್ಲುವುದು. ತಯಾರಕರದೇ ಆನ್‌ಸೈಟ್ ಪ್ಲಾನ್‌ನಲ್ಲಿ ಎಂಜಿನಿಯರ್ ಮನೆಗೆ ಬರುತ್ತಾರೆ.

ಕಾರಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಮೊತ್ತ ದೊಡ್ಡದು. ಹಳೆಯ ಸಲಹೆಗಳನ್ನು ಹಾಗೇ ನಂಬಬೇಡಿ, ಮೂಲ ವಾರಂಟಿಯೇ ಬದಲಾಗಿದೆ. ಮಾರುತಿ ಸುಜುಕಿ 2024ರಲ್ಲಿ ತನ್ನ ವಾರಂಟಿಯನ್ನು 2 ವರ್ಷ ಅಥವಾ 40,000 ಕಿ.ಮೀ.ಯಿಂದ 3 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಏರಿಸಿತು. ಎಲೆಕ್ಟ್ರಿಕ್ ಕಾರುಗಳ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ಕೊಡುವುದು ಸಾಮಾನ್ಯವಾಗಿದೆ. ಎಂಟು ಹತ್ತು ವರ್ಷ ಇಟ್ಟುಕೊಳ್ಳುವ ಆಟೊಮ್ಯಾಟಿಕ್ ಗೇರ್ ಕಾರು, ಟರ್ಬೊ ಎಂಜಿನ್, ದೊಡ್ಡ ಟಚ್‌ಸ್ಕ್ರೀನ್ ಇರುವ ಕಾರಿಗೆ ತಯಾರಕರ ವಾರಂಟಿ ತಗೊಳ್ಳಿ. ಗೇರ್‌ಬಾಕ್ಸ್ ಒಂದು ಹೋದರೆ ಲಕ್ಷದ ಮಾತು. ವರ್ಷಕ್ಕೆ ಐದು ಸಾವಿರ ಕಿ.ಮೀ. ಓಡಿಸಿ ನಾಲ್ಕನೇ ವರ್ಷ ಮಾರುವವರಿಗೆ ಅಗತ್ಯವಿಲ್ಲ. ಹಾಕಿಸಿದ ಮೇಲೆ ಸರ್ವೀಸ್ ಅವಧಿ ತಪ್ಪಿಸಬೇಡಿ. ಹೊರಗಿನ ಅಂಗಡಿಯಲ್ಲಿ ವೈರ್ ಕತ್ತರಿಸಿ ಮ್ಯೂಸಿಕ್ ಸಿಸ್ಟಮ್, ಹೆಚ್ಚುವರಿ ಲೈಟ್ ಹಾಕಿಸಿದರೆ ವಿದ್ಯುತ್ ಭಾಗಗಳ ಕ್ಲೇಮ್ ತಿರಸ್ಕರಿಸಲು ಅದೇ ಕಾರಣವಾಗುತ್ತದೆ. ಮಾರುವಾಗ ಮುಂದಿನ ಮಾಲೀಕರ ಹೆಸರಿಗೆ ವಾರಂಟಿ ವರ್ಗಾವಣೆ ಆಗುವುದಾದರೆ ಅದು ನಿಮ್ಮ ಬೆಲೆಗೂ ಬಲ.

ಐದನೆಯದು: ಮಾತು ಕೊಡುತ್ತಿರುವವರು ಯಾರು?

ಎಕ್ಸ್‌ಟೆಂಡೆಡ್ ವಾರಂಟಿ ಮೂರು ಕಡೆಯಿಂದ ಬರುತ್ತದೆ. ತಯಾರಿಸಿದ ಕಂಪನಿಯದು, ಅಂಗಡಿಯದು, ಇವೆರಡೂ ಅಲ್ಲದ ಮೂರನೆಯವರದು. ನನಗೆ ಧೈರ್ಯವಿರುವುದು ಮೊದಲನೆಯದರ ಮೇಲೆ, ಅವರ ಸರ್ವೀಸ್ ಸೆಂಟರ್, ಅವರದೇ ಬಿಡಿಭಾಗ. ಅಂಗಡಿಯ ಪ್ಲಾನ್ ಆದರೆ ಆ ಅಂಗಡಿ ನಾಲ್ಕು ವರ್ಷದ ಮೇಲೂ ಊರಿನಲ್ಲಿ ಇರಬೇಕು. ಮೂರನೆಯವರದಾದರೆ ಸರ್ಟಿಫಿಕೇಟ್ ಮೇಲೆ ಯಾರ ಹೆಸರಿದೆ, ಹಿಂದೆ ವಿಮಾ ಕಂಪನಿ ಇದೆಯೇ, ದೂರಿಗೆ ಯಾವ ನಂಬರ್ ಎಂದು ನೋಡಿ. ಆ ನಂಬರಿಗೆ ಅಂಗಡಿಯಲ್ಲೇ ನಿಂತು ಒಮ್ಮೆ ಕರೆ ಮಾಡಿ. ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರಾ ಎಂಬುದೂ ತಿಳಿಯುತ್ತದೆ. ನಾಳೆ ಫೋನ್ ಮಾಡಬೇಕಾಗುವುದು ಮನೆಯಲ್ಲಿರುವ ಹಿರಿಯರೇ.

ಕೌಂಟರಿನಲ್ಲಿ ನಿಂತಾಗ

ಅವತ್ತೇ ತೀರ್ಮಾನಿಸಲೇಬೇಕು ಎಂಬ ಮಾತನ್ನು ಒಪ್ಪಬೇಡಿ. ಅನೇಕ ಕಂಪನಿಗಳು ಮೂಲ ವಾರಂಟಿ ಚಾಲ್ತಿಯಲ್ಲಿರುವವರೆಗೂ ತಮ್ಮ ಹೆಚ್ಚುವರಿ ವಾರಂಟಿ ಮಾರುತ್ತವೆ. ನಿಮ್ಮ ಮಾಡೆಲ್‌ಗೆ ಹಾಗಿದೆಯೇ ಎಂದು ಮೊದಲೇ ವಿಚಾರಿಸಿಕೊಂಡಿದ್ದರೆ, "ಹತ್ತು ತಿಂಗಳು ಬಳಸಿ ಆಮೇಲೆ ನೋಡ್ತೀನಿ" ಎಂದು ನೆಮ್ಮದಿಯಾಗಿ ಹೇಳಬಹುದು. ವಾರಂಟಿ ತಗೊಂಡರೆ ಮಾತ್ರ ಈ ಬೆಲೆ ಎಂದರೆ ಬೇರೆ ಅಂಗಡಿಗೆ ಹೋಗಿ. ಒಂದನ್ನು ಕೊಳ್ಳಲು ಇನ್ನೊಂದನ್ನು ಗಂಟುಹಾಕುವುದನ್ನು ಗ್ರಾಹಕ ಸಂರಕ್ಷಣಾ ಕಾಯ್ದೆ 2019 ನಿರ್ಬಂಧಕ ವ್ಯಾಪಾರ ಪದ್ಧತಿ ಎಂದು ಕರೆಯುತ್ತದೆ.

ಕಂತಿನಲ್ಲಿ ಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ವಾರಂಟಿಯ ದುಡ್ಡನ್ನು ಸಾಲದ ಮೊತ್ತಕ್ಕೇ ಸೇರಿಸಿದರೆ ಇಎಂಐನಲ್ಲಿ ಇನ್ನೂರು ರೂಪಾಯಿ ಹೆಚ್ಚಾಗಿದ್ದು ಗೊತ್ತೇ ಆಗುವುದಿಲ್ಲ. ಓಟಿಪಿ ಹೇಳುವ ಮೊದಲು ಸಾಲದ ಒಟ್ಟು ಮೊತ್ತ ಓದಿ, ಸಾಮಾನಿನ ಬೆಲೆಗೆ ಹೋಲಿಸಿ. ಆನ್‌ಲೈನ್‌ನಲ್ಲಾದರೆ ಕಾರ್ಟ್ ನೋಡಿ. ನೀವು ಕೇಳದೆ ವಾರಂಟಿ ಸೇರಿದ್ದರೆ ಅದು ತಪ್ಪು. ಮೊದಲೇ ಟಿಕ್ ಹಾಕಿಟ್ಟ ಚೌಕವನ್ನು ಒಪ್ಪಿಗೆಯೆಂದು ಪರಿಗಣಿಸಬಾರದು ಎಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ಹೀಗೆ ಕಾರ್ಟ್‌ಗೆ ಸದ್ದಿಲ್ಲದೆ ಸೇರಿಸುವುದು 2023ರ ನವೆಂಬರ್‌ನಲ್ಲಿ ಬಂದ ಡಾರ್ಕ್ ಪ್ಯಾಟರ್ನ್ (ಆನ್‌ಲೈನ್‌ನಲ್ಲಿ ಗ್ರಾಹಕರ ದಾರಿ ತಪ್ಪಿಸುವ ತಂತ್ರ) ಮಾರ್ಗಸೂಚಿಯ 13 ನಿಷಿದ್ಧ ಪದ್ಧತಿಗಳಲ್ಲಿ ಒಂದು.

ತಗೊಂಡ ಮೇಲೆ

ವಾರಂಟಿ ಸರ್ಟಿಫಿಕೇಟ್ ಮೇಲ್‌ನಲ್ಲಿ ಬರುತ್ತದೆ ಎಂದರೆ ಬಂತೇ ಎಂದು ವಾರದೊಳಗೆ ನೋಡಿ. ಅದರಲ್ಲಿನ ಸೀರಿಯಲ್ ನಂಬರ್, ಮನೆಗೆ ಬಂದ ಸಾಮಾನಿನ ಸೀರಿಯಲ್ ನಂಬರ್, ಬಿಲ್‌ನಲ್ಲಿರುವುದು ಮೂರೂ ಒಂದೇ ಇರಬೇಕು. ಗೋದಾಮಿನಿಂದ ಬೇರೆ ಪೀಸ್ ಕಳಿಸಿ ಬಿಲ್ ಹಾಗೇ ಉಳಿಯುವುದುಂಟು, ಕ್ಲೇಮ್ ಹೊತ್ತಿಗೆ ಅದು ದೊಡ್ಡ ತಕರಾರಾಗುತ್ತದೆ. ಥರ್ಮಲ್ ಕಾಗದದ ಬಿಲ್ ಒಂದೆರಡು ವರ್ಷದಲ್ಲಿ ಮಾಸಿ ಬಿಳಿ ಹಾಳೆಯಾಗುತ್ತದೆ. ಅವತ್ತೇ ಫೋಟೊ ತೆಗೆದು ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ, ಒಂದು ಜೆರಾಕ್ಸ್ ಮಾಡಿಸಿಡಿ.

ವಾರಂಟಿ ಮುಗಿಯುವ ಒಂದು ತಿಂಗಳ ಮುಂಚೆ ಫೋನ್‌ನಲ್ಲಿ ರಿಮೈಂಡರ್ ಇರಲಿ. ಫ್ರಿಡ್ಜ್ ಸ್ವಲ್ಪ ಸದ್ದು ಮಾಡುತ್ತಿದೆ, ಟಿವಿಯ ಮೂಲೆ ಮಬ್ಬಾಗಿದೆ ಎಂದು ಸುಮ್ಮನಿದ್ದರೆ ಈಗ ದೂರು ಕೊಡಿ, ದೂರಿನ ವಿವರ ಬರೆದ ಜಾಬ್ ಶೀಟ್ ಕೇಳಿ ಪಡೆಯಿರಿ. ಅದೇ ತೊಂದರೆ ಅವಧಿ ಮುಗಿದ ಮೇಲೆ ಮರುಕಳಿಸಿದರೆ ಮೊದಲೇ ಇತ್ತು ಎನ್ನಲು ಆ ಹಾಳೆ ಬೇಕಾಗುತ್ತದೆ. ಹೆಚ್ಚುವರಿ ವಾರಂಟಿ ಹಾಕಿಸದವರಿಗೂ ಇದು ಅನ್ವಯ.

ಕ್ಲೇಮ್ ತಿರಸ್ಕರಿಸಿದರೆ

ಫೋನಿನಲ್ಲಿ ವಾದ ಮಾಡಿ ಫಲವಿಲ್ಲ. ಯಾವ ಷರತ್ತಿನ ಪ್ರಕಾರ ತಿರಸ್ಕರಿಸಿದ್ದೀರಿ ಎಂದು ಮೇಲ್‌ನಲ್ಲಿ ಕೇಳಿ, ಟೆಕ್ನಿಷಿಯನ್ ತೆಗೆದ ಫೋಟೊ ಮತ್ತು ವರದಿ ಕೇಳಿ. ಕೊಳ್ಳುವಾಗ ಆ ಷರತ್ತುಗಳನ್ನು ನಿಮಗೆ ಕೊಟ್ಟಿರಲಿಲ್ಲವಾದರೆ ಅದನ್ನೂ ಅದೇ ಮೇಲ್‌ನಲ್ಲಿ ಬರೆಯಿರಿ. ಹದಿನೈದು ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೂ ದೂರು ಹೇಳಬಹುದು. ಅವರು ದೂರನ್ನು ಕಂಪನಿಗೆ ಕಳಿಸಿ ಉತ್ತರ ತರಿಸುತ್ತಾರೆ.

ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ ಇದೆ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಅಂಗಡಿ ಬೆಂಗಳೂರಿನಲ್ಲಿದ್ದರೂ ಸರಿ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ, ಇ-ಜಾಗೃತಿ ಪೋರ್ಟಲ್ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ಬಿಲ್, ವಾರಂಟಿ ಸರ್ಟಿಫಿಕೇಟ್, ಷರತ್ತಿನ ಹಾಳೆ, ಜಾಬ್ ಶೀಟ್, ನಿಮ್ಮ ಮೇಲ್ ಮತ್ತು ಅವರ ಉತ್ತರ ಇವಿಷ್ಟನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿಡಿ. ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು, ಆದ್ದರಿಂದ ಕ್ಲೇಮ್ ತಿರಸ್ಕರಿಸಿದ ಮೆಸೇಜನ್ನು ಸಿಟ್ಟಿನಲ್ಲಿ ಡಿಲೀಟ್ ಮಾಡಬೇಡಿ.